ನಿವೃತ್ತರ ಆರೋಗ್ಯ ಕಾರ್ಡು: ಗಡಿಭಾಗದ ಶಿಕ್ಷಕರು ತಿಳಿದಿರಬೇಕಾದ ಸಂಗತಿಗಳು

ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರು ಭಾಗದ ಕನ್ನಡ ಶಾಲೆಗಳಿಗೆ ಮಕ್ಕಳಲ್ಲದೆ ಇನ್ನೊಂದು ವರ್ಗದ ಜನರೂ ಬರುತ್ತಾರೆ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಮಡಚಿಟ್ಟ ಕಾಗದಗಳು. ಬಂದವರು ಆ ಶಾಲೆಯಲ್ಲಿಯೇ ಹಿಂದೆ ಪಾಠ ಹೇಳಿದ ಹಿರಿಯ ಶಿಕ್ಷಕರಾಗಿರಬಹುದು, ಕಂದಾಯ ಇಲಾಖೆಯಿಂದ ನಿವೃತ್ತರಾದ ಅಟೆಂಡರ್ ಆಗಿರಬಹುದು ಅಥವಾ ಗಂಡನ ಮರಣಾನಂತರ ಕುಟುಂಬ ಪಿಂಚಣಿ ಪಡೆಯುತ್ತಿರುವ ಹೆಣ್ಣುಮಗಳಾಗಿರಬಹುದು. ಕಾಗದ ತೆಲುಗಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುತ್ತದೆ, ಅವರು ಓದಿದ್ದು ಕನ್ನಡ. "ಗುರುಗಳೇ, ಇದರೊಳಗೆ ಏನು ಬರದಾರ ಸ್ವಲ್ಪ ನೋಡ್ರಿ" ಎಂಬ ಮಾತಿಗೆ ಉತ್ತರಿಸುವ ಹೊಣೆ ಶಿಕ್ಷಕರ ಮೇಲೆ ಬೀಳುತ್ತದೆ. ಇಂಥ ಕಾಗದಗಳಲ್ಲಿ ಹೆಚ್ಚು ಗೊಂದಲಕ್ಕೆ ಕಾರಣವಾಗುವುದು, ತಪ್ಪಿದರೆ ಹೆಚ್ಚು ಹಾನಿಯುಂಟುಮಾಡುವುದು, ಆರೋಗ್ಯ ಕಾರ್ಡಿಗೆ ಸಂಬಂಧಿಸಿದ್ದು.

ಈ ಗೊಂದಲಕ್ಕೆ ಒಂದು ಚಾರಿತ್ರಿಕ ಹಿನ್ನೆಲೆಯೂ ಇದೆ. 1956ರ ನವೆಂಬರ್ 1ರವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ ತಾಲೂಕುಗಳು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಗೆ ಸೇರಿದ್ದವು, ತಾಂಡೂರು ತಾಲೂಕು ಗುಲಬರ್ಗಾ ಜಿಲ್ಲೆಗೆ ಸೇರಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಬೀದರ, ಗುಲಬರ್ಗಾಗಳು ಮೈಸೂರು ರಾಜ್ಯಕ್ಕೆ ಹೋದಾಗ ಈ ಭಾಗಗಳು ಆಂಧ್ರಪ್ರದೇಶದಲ್ಲಿ ಉಳಿದವು. ಇಂದು ಮೊದಲಿನ ಎರಡು ಸಂಗಾರೆಡ್ಡಿ ಜಿಲ್ಲೆಯಲ್ಲಿಯೂ ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿಯೂ ಇವೆ. ಆಡಳಿತದ ಗೆರೆ ಬದಲಾಯಿತು, ಜನರ ಓಡಾಟ ಬದಲಾಗಲಿಲ್ಲ. ಜಹೀರಾಬಾದಿನಿಂದ ಬೀದರ ಸುಮಾರು 30 ಕಿ.ಮೀ., ಹೈದರಾಬಾದ್ 100 ಕಿ.ಮೀ.ಗೂ ಮಿಗಿಲು. ತಾಂಡೂರಿನವರು ರೈಲು ಹತ್ತಿದರೆ ಸೇಡಂ, ಚಿತ್ತಾಪುರ ದಾಟಿ ವಾಡಿ ಜಂಕ್ಷನ್ನಿಗೆ, ಅಲ್ಲಿಂದ ಕಲಬುರಗಿಗೆ ಹೋಗುತ್ತಾರೆ. ಎದೆನೋವು ಬಂದ ಮುದುಕರನ್ನು ಮನೆಯವರು ಹತ್ತಿರದ, ತಮ್ಮ ಮಾತು ತಿಳಿಯುವ ದವಾಖಾನೆಗೆ ಒಯ್ಯುವುದು ಸಹಜ. ಆದರೆ ಕಾರ್ಡು ನಡೆಯುವ ದಾರಿ ಅದಲ್ಲದಿರಬಹುದು. ಯಾವ ಕಾರ್ಡು ಯಾವ ಗೆರೆಯವರೆಗೆ ನಡೆಯುತ್ತದೆ ಎಂಬುದನ್ನು ಕಾಯಿಲೆ ಬರುವ ಮೊದಲೇ ತಿಳಿಸಿಕೊಡುವುದು ಶಿಕ್ಷಕರು ಮಾಡಬಹುದಾದ ಅತಿ ದೊಡ್ಡ ಉಪಕಾರ.

ಯಾರಿಗೆ ಯಾವ ಕಾರ್ಡು

ನಿವೃತ್ತರ ಬಾಯಲ್ಲಿ "ಆರೋಗ್ಯಶ್ರೀ" ಎಂಬ ಒಂದೇ ಹೆಸರು ಎಲ್ಲ ಯೋಜನೆಗಳಿಗೂ ಸಲ್ಲುತ್ತದೆ. ಶಿಕ್ಷಕರು ಮೊದಲು ಬಿಡಿಸಬೇಕಾದ ಗಂಟು ಇದೇ.

ರಾಜ್ಯ ಸರಕಾರದ ಸೇವೆಯಿಂದ ನಿವೃತ್ತರಾಗಿ ಖಜಾನೆಯಿಂದ ಪಿಂಚಣಿ ಪಡೆಯುವವರಿಗೂ ಕುಟುಂಬ ಪಿಂಚಣಿದಾರರಿಗೂ ಸಲ್ಲುವುದು ನೌಕರರ ಆರೋಗ್ಯ ಯೋಜನೆ, ರೂಢಿಯಲ್ಲಿ ಇಎಚ್‌ಎಸ್. ಅವಿಭಜಿತ ಆಂಧ್ರಪ್ರದೇಶದಲ್ಲಿ 2013ರ ಕೊನೆಯಲ್ಲಿ ಆರಂಭವಾದ ಇದನ್ನು ತೆಲಂಗಾಣ ಸರಕಾರ 2016ರ ಡಿಸೆಂಬರ್‌ನಲ್ಲಿ ಹೊಸ ರೂಪದಲ್ಲಿ ಜಾರಿಗೆ ತಂದಿತು. ಹೈದರಾಬಾದಿನ ಖೈರತಾಬಾದಿನಲ್ಲಿ ವೆಲ್‌ನೆಸ್ ಸೆಂಟರ್ ತೆರೆದದ್ದು ಆಗಲೇ. ನೋಂದಾಯಿತ ಆಸ್ಪತ್ರೆಯಲ್ಲಿ ಪಟ್ಟಿಯಲ್ಲಿರುವ ಚಿಕಿತ್ಸೆಗೆ ಹಣ ಕಟ್ಟದೆ ದಾಖಲಾಗುವುದು ಇದರ ಮುಖ್ಯ ಸೌಲಭ್ಯ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಮೊದಲಾದ ದೀರ್ಘಕಾಲದ ಕಾಯಿಲೆಗಳ ತಪಾಸಣೆ ಮತ್ತು ಔಷಧಕ್ಕೆ ವೆಲ್‌ನೆಸ್ ಸೆಂಟರುಗಳಿವೆ. ವಂತಿಗೆಯ ನಿಯಮ ಮಾತ್ರ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. 2023ರ ಸರಕಾರಿ ಆದೇಶವೊಂದು ಮೂಲವೇತನ ಮತ್ತು ಮೂಲ ಪಿಂಚಣಿಯ ಶೇ. 1ರ ವಂತಿಗೆಯನ್ನು, ಸರಕಾರದಿಂದಲೂ ಅಷ್ಟೇ ಪಾಲನ್ನು ಸೂಚಿಸಿತ್ತು. ಆದ್ದರಿಂದ "ಇದು ಪುಕ್ಕಟೆ" ಎಂದಾಗಲಿ "ಹಣ ಕಡಿತವಾಗುತ್ತದೆ" ಎಂದಾಗಲಿ ಬಾಯಿಮಾತಿನಲ್ಲಿ ಹೇಳುವುದು ಸರಿಯಲ್ಲ. ನಿವೃತ್ತರ ಆ ತಿಂಗಳ ಪಿಂಚಣಿ ಚೀಟಿಯನ್ನು ತರಿಸಿ, ಕಡಿತದ ಅಂಕಣವನ್ನು ಓದಿ ಹೇಳಬೇಕು.

ಎರಡನೆಯದು ನಿಜವಾದ ಆರೋಗ್ಯಶ್ರೀ. 2007ರ ಏಪ್ರಿಲ್‌ನಲ್ಲಿ ಮೂರು ಜಿಲ್ಲೆಗಳಲ್ಲಿ ಆರಂಭವಾದ ಈ ಯೋಜನೆ ಆಹಾರ ಭದ್ರತಾ ಕಾರ್ಡು, ಅಂದರೆ ಜನರು ಹೇಳುವ ರೇಶನ್ ಕಾರ್ಡು, ಇರುವ ಕುಟುಂಬಗಳಿಗೆ ಸಲ್ಲುತ್ತದೆ. 2023ರ ಡಿಸೆಂಬರ್ 9ರಿಂದ ಒಂದು ಕುಟುಂಬಕ್ಕೆ ವರ್ಷಕ್ಕೆ ದೊರೆಯುವ ಚಿಕಿತ್ಸೆಯ ಮಿತಿ 5 ಲಕ್ಷದಿಂದ 10 ಲಕ್ಷ ರೂಪಾಯಿಗೆ ಏರಿತು. ಪಿಂಚಣಿಯಿಲ್ಲದೆ ಸೇವೆ ಮುಗಿಸಿದ ಖಾಸಗಿ ಶಾಲೆಯ ಶಿಕ್ಷಕರು, ವಿದ್ಯಾ ವಾಲಂಟಿಯರುಗಳು, ಅಡುಗೆಯವರು, ಆಯಾಗಳು ಇವರಿಗೆಲ್ಲ ಕುಟುಂಬದ ಆದಾಯ ಮಿತಿಯೊಳಗಿದ್ದರೆ ಇದೇ ಆಸರೆ. ಗ್ರಾಮಗಳಲ್ಲಿ ಆ ಮಿತಿ ವರ್ಷಕ್ಕೆ 1.5 ಲಕ್ಷ, ಪಟ್ಟಣಗಳಲ್ಲಿ 2 ಲಕ್ಷ ರೂಪಾಯಿ. ನಿವೃತ್ತರೆಂದರೆ ಸರಕಾರಿ ಪಿಂಚಣಿದಾರರು ಮಾತ್ರ ಎಂಬ ಭಾವನೆಯಿಂದ ಈ ವರ್ಗದವರು ಶಾಲೆಯ ಬಾಗಿಲಿಗೆ ಬಂದು ಕೇಳಲು ಹಿಂಜರಿಯುತ್ತಾರೆ. ಅವರನ್ನು ಶಿಕ್ಷಕರೇ ಕರೆದು ಕೇಳುವುದು ಒಳ್ಳೆಯದು.

ಮೂರನೆಯದು 70 ವರ್ಷ ತುಂಬಿದವರಿಗಾಗಿ ಕೇಂದ್ರ ಸರಕಾರ 2024ರ ಅಕ್ಟೋಬರ್ 29ರಂದು ಆರಂಭಿಸಿದ ಆಯುಷ್ಮಾನ್ ವಯ ವಂದನಾ ಕಾರ್ಡು. ಇದಕ್ಕೆ ಆದಾಯದ ಮಿತಿಯಿಲ್ಲ, ರೇಶನ್ ಕಾರ್ಡಿನ ಅಗತ್ಯವೂ ಇಲ್ಲ. ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಆಸ್ಪತ್ರೆ ವೆಚ್ಚ ದೊರೆಯುತ್ತದೆ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ 70 ದಾಟಿದ್ದರೆ ಈ ಮೊತ್ತವನ್ನು ಇಬ್ಬರೂ ಹಂಚಿಕೊಳ್ಳಬೇಕು. ಕುಟುಂಬ ಮೊದಲೇ ಆಯುಷ್ಮಾನ್ ಭಾರತ ಯೋಜನೆಯಲ್ಲಿದ್ದರೆ ಹಿರಿಯರಿಗೆಂದು ಪ್ರತ್ಯೇಕವಾಗಿ ಇನ್ನೂ 5 ಲಕ್ಷ ಸೇರುತ್ತದೆ, ಅದನ್ನು ಮನೆಯ ಕಿರಿಯರು ಬಳಸುವಂತಿಲ್ಲ. ಹಳೆಯ ಕಾಯಿಲೆಗಳಿಗೆ ಕಾಯುವ ಅವಧಿ ಎಂಬುದು ಇಲ್ಲಿಲ್ಲ. ನೋಂದಣಿಯಾದ ದಿನದಿಂದಲೇ ಸಕ್ಕರೆ ಕಾಯಿಲೆಯವರಿಗೂ ಹೃದ್ರೋಗಿಗಳಿಗೂ ಅನ್ವಯವಾಗುತ್ತದೆ. ಖಾಸಗಿ ವಿಮಾ ಕಂಪನಿಯ ಪಾಲಿಸಿ ಇದ್ದವರೂ ಇದನ್ನು ಪಡೆಯಬಹುದು. ಆದರೆ ಸರಕಾರದ ಬೇರೆ ಆರೋಗ್ಯ ಯೋಜನೆಯಲ್ಲಿರುವವರು, ಉದಾಹರಣೆಗೆ ಅಂಚೆ ಮೊದಲಾದ ಕೇಂದ್ರ ಇಲಾಖೆಗಳಿಂದ ನಿವೃತ್ತರಾಗಿ ಸಿಜಿಎಚ್‌ಎಸ್ ಪಡೆದವರು, ಮಾಜಿ ಸೈನಿಕರ ಇಸಿಎಚ್‌ಎಸ್‌ನಲ್ಲಿರುವವರು, ಹಳೆಯದನ್ನು ಉಳಿಸಿಕೊಳ್ಳಬೇಕೋ ಹೊಸದನ್ನು ಆರಿಸಿಕೊಳ್ಳಬೇಕೋ ನಿರ್ಧರಿಸಬೇಕಾಗುತ್ತದೆ. ಇಎಚ್‌ಎಸ್‌ನಲ್ಲಿರುವ ರಾಜ್ಯ ಪಿಂಚಣಿದಾರರು ಕೂಡ ಬಟನ್ ಒತ್ತುವ ಮೊದಲು ಉಪಖಜಾನೆಯಲ್ಲಿ ವಿಚಾರಿಸಿ ಮುಂದುವರಿಯುವುದು ಲೇಸು. ಮೊಬೈಲಿನಲ್ಲಿ ನೋಂದಣಿ ಮಾಡಿಕೊಡುವ ಮೊಮ್ಮಗನಿಗೆ ಈ ಆಯ್ಕೆಯ ಭಾರ ತಿಳಿದಿರುವುದಿಲ್ಲ.

ತೆಲಂಗಾಣದಲ್ಲಿ 2021ರಲ್ಲಿ ನಿವೃತ್ತಿ ವಯಸ್ಸು 58ರಿಂದ 61ಕ್ಕೆ ಏರಿತು. ಅಂದರೆ ಸೇವೆ ಮುಗಿಸಿದ ಶಿಕ್ಷಕರಿಗೆ 61ರಿಂದ 70ರವರೆಗಿನ ಒಂಬತ್ತು ವರ್ಷ ಇಎಚ್‌ಎಸ್ ಕಾರ್ಡೊಂದೇ ಆಧಾರ. ಅದನ್ನು ನಿವೃತ್ತಿಯ ನಂತರ ಹೊಸದಾಗಿ ಸರಿಪಡಿಸಿಕೊಳ್ಳಬೇಕು ಎಂಬುದನ್ನು ಹಲವರು ಮರೆಯುತ್ತಾರೆ. ಸೇವೆಯಲ್ಲಿದ್ದಾಗ ಕಾರ್ಡು ನೌಕರರ ಗುರುತಿನ ಸಂಖ್ಯೆಗೆ ಜೋಡಿಸಿರುತ್ತದೆ, ಅರ್ಜಿಗೆ ಒಪ್ಪಿಗೆ ನೀಡುವವರು ವೇತನ ಬಟವಾಡೆ ಅಧಿಕಾರಿ. ನಿವೃತ್ತಿಯಾದ ಮೇಲೆ ಅದು ಪಿಂಚಣಿ ಆದೇಶದ, ಅಂದರೆ ಪಿಪಿಒ, ಸಂಖ್ಯೆಗೆ ಜೋಡಣೆಯಾಗಬೇಕು ಮತ್ತು ಒಪ್ಪಿಗೆ ಉಪಖಜಾನೆಯ ಅಧಿಕಾರಿಯಿಂದ ಬರಬೇಕು. ಬೀಳ್ಕೊಡುಗೆಯ ದಿನ ಶಾಲು ಹೊದಿಸುವವರು ಆ ವಾರದಲ್ಲಿಯೇ ಈ ಅರ್ಜಿಯನ್ನೂ ತುಂಬಿಸಿಕೊಟ್ಟರೆ ಶಾಲಿಗಿಂತ ಹೆಚ್ಚು ಬೆಚ್ಚಗಿರುತ್ತದೆ.

ಕಾರ್ಡಿನಲ್ಲಿ ಸಂಗಾತಿ, ಅವಲಂಬಿತ ತಂದೆತಾಯಿ, ಕೆಲಸವಿಲ್ಲದ 25 ವರ್ಷದೊಳಗಿನ ಗಂಡುಮಕ್ಕಳು, ಮದುವೆಯಾಗದ ಇಲ್ಲವೆ ವಿಧವೆಯಾಗಿ, ವಿಚ್ಛೇದಿತೆಯಾಗಿ ತವರಿಗೆ ಮರಳಿದ ಅವಲಂಬಿತ ಹೆಣ್ಣುಮಕ್ಕಳು ಸೇರಬಹುದು. ಸೊಸೆ, ಮೊಮ್ಮಕ್ಕಳು ಸೇರುವುದಿಲ್ಲ. ಇದನ್ನು ಮುಂಚಿತವಾಗಿ ಹೇಳದಿದ್ದರೆ ಮನೆಯಲ್ಲಿ ಮುನಿಸಿಗೆ ಕಾರಣವಾಗುತ್ತದೆ.

ಹೆಸರು ಮತ್ತು ವಯಸ್ಸು

ಯೋಗ್ಯತೆಯಿದ್ದೂ ಕಾರ್ಡು ದೊರೆಯದೆ ಹೋಗುವುದಕ್ಕೆ ಈ ಭಾಗದಲ್ಲಿ ಕಂಡುಬರುವ ಕಾರಣ ಬಹುಮಟ್ಟಿಗೆ ಒಂದೇ: ದಾಖಲೆಗಳಲ್ಲಿ ಹೆಸರು ಒಂದಕ್ಕೊಂದು ಹೊಂದದಿರುವುದು. ಇದು ಭಾಷೆಯ ಸಮಸ್ಯೆ. ಆದ್ದರಿಂದಲೇ ಭಾಷೆಯನ್ನು ಕಲಿಸುವವರಿಗೆ ಇದು ಬೇಗ ತಿಳಿಯುತ್ತದೆ.

ಬೀದರ, ಕಲಬುರಗಿ ಸೀಮೆಯ ರೂಢಿಯಲ್ಲಿ ಮೊದಲು ವ್ಯಕ್ತಿಯ ಹೆಸರು, ನಂತರ ತಂದೆಯ ಹೆಸರು, ಕೊನೆಗೆ ಮನೆತನದ ಅಡ್ಡಹೆಸರು. ತೆಲುಗಿನ ರೂಢಿಯಲ್ಲಿ ಮನೆತನದ ಹೆಸರು ಮೊದಲು. ಶಾಲೆಯ ದಾಖಲೆಯಲ್ಲಿ "ಶಿವಶರಣಪ್ಪ ಬಿರಾದಾರ" ಎಂದಿದ್ದವರು ಸೇವಾ ಪುಸ್ತಕದಲ್ಲಿ "ಬಿ. ಶಿವಶರಣಪ್ಪ" ಆಗುತ್ತಾರೆ, ಆಧಾರ್‌ನಲ್ಲಿ "ಬಿರಾದಾರ್ ಶಿವ ಶರ್ನಪ್ಪ" ಆಗುತ್ತಾರೆ. ಕನ್ನಡದಲ್ಲಿ ಇವು ಒಂದೇ ಹೆಸರೆಂಬುದು ಕಣ್ಣಿಗೆ ಕಾಣುತ್ತದೆ. ಇಂಗ್ಲಿಷ್ ಅಕ್ಷರಗಳನ್ನು ಹೋಲಿಸುವ ಯಂತ್ರಕ್ಕೆ ಇವರು ಮೂವರು ಬೇರೆ ಬೇರೆ ಮನುಷ್ಯರು. ಹೆಂಗಸರ ಹೆಸರು ಇನ್ನೂ ಬಿಕ್ಕಟ್ಟಿನದು. ತವರಿನಲ್ಲಿ ನಾಗಮ್ಮನಾದವಳು ಗಂಡನ ಮನೆಯಲ್ಲಿ ನಾಗಾಬಾಯಿ, ಪಿಂಚಣಿ ಆದೇಶದಲ್ಲಿ ನಾಗಮಣಿ. ಗಂಡ ಬದುಕಿರುವವರೆಗೆ ಇದು ಯಾರ ಗಮನಕ್ಕೂ ಬರುವುದಿಲ್ಲ.

ನಿವೃತ್ತರು ಬಂದಾಗ ಪಿಪಿಒ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಇದ್ದರೆ ಹಳೆಯ ಆರೋಗ್ಯ ಕಾರ್ಡು, ಇಷ್ಟನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದಿಟ್ಟು ಇಂಗ್ಲಿಷ್ ಕಾಗುಣಿತವನ್ನು ಅಕ್ಷರ ಅಕ್ಷರ ಹೋಲಿಸಿ ನೋಡಬೇಕು. ಹತ್ತು ನಿಮಿಷದ ಕೆಲಸ. ವ್ಯತ್ಯಾಸವಿದ್ದರೆ ಯಾವುದನ್ನು ತಿದ್ದಬೇಕೆಂದು ಯೋಚಿಸಿಯೇ ಮುಂದುವರಿಯಬೇಕು. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಬಾರಿ, ಜನ್ಮದಿನಾಂಕವನ್ನು ಒಂದೇ ಬಾರಿ ತಿದ್ದಿಸಲು ಅವಕಾಶವಿದೆ. ಅವಸರದಲ್ಲಿ ತಪ್ಪಾಗಿ ತಿದ್ದಿಸಿಕೊಂಡವರು ಮತ್ತೆ ಸರಿಪಡಿಸಿಕೊಳ್ಳಲು ಬಹಳ ಅಲೆಯಬೇಕಾಗುತ್ತದೆ. ಸಾಮಾನ್ಯವಾಗಿ ಪಿಪಿಒದಲ್ಲಿ ಇರುವಂತೆ ಉಳಿದವನ್ನು ಹೊಂದಿಸುವುದು ಸುಲಭ. ಪಿಪಿಒವನ್ನೇ ತಿದ್ದಿಸುವುದು ದೂರದ ದಾರಿ.

ವಯ ವಂದನಾ ಕಾರ್ಡಿಗೆ ಆಧಾರ್‌ನಲ್ಲಿರುವ ವಯಸ್ಸೇ ಪ್ರಮಾಣ. ಇಲ್ಲಿ ಶಾಲೆಗಳಿಗೇ ಸಂಬಂಧಿಸಿದ ಒಂದು ಮಾತನ್ನು ಹೇಳದೆ ಇರಲಾಗದು. ಹಳೆಯ ದಾಖಲಾತಿ ಪುಸ್ತಕಗಳನ್ನು ತೆರೆದರೆ ಜೂನ್ 1ರಂದು ಹುಟ್ಟಿದ ಮಕ್ಕಳ ಸಾಲೇ ಕಾಣುತ್ತದೆ. ಹುಟ್ಟಿದ ದಿನ ತಂದೆತಾಯಿಗೆ ಗೊತ್ತಿಲ್ಲದಾಗ ಅಂದಿನ ಗುರುಗಳು ಶಾಲೆ ತೆರೆಯುವ ಕಾಲವನ್ನು ನೋಡಿ ಒಂದು ದಿನಾಂಕ ಬರೆದುಕೊಂಡರು. ಸೇವೆಗೆ ಸೇರಿದವರಿಗೆ ಅದೇ ದಿನಾಂಕ ಸೇವಾ ಪುಸ್ತಕಕ್ಕೂ ಪಿಂಚಣಿಗೂ ಬಂತು. ಶಾಲೆಯ ಮುಖ ಕಾಣದ ಅವರ ಹೆಂಡತಿಯ ವಯಸ್ಸನ್ನು ಮಾತ್ರ ಆಧಾರ್ ಕೇಂದ್ರದಲ್ಲಿ ಅಂದಾಜಿನಿಂದ ಬರೆಯಲಾಯಿತು. ಗಂಡನಿಗೆ 72, ಹೆಂಡತಿಗೆ 58 ಎಂದು ಕಾಗದ ಹೇಳುತ್ತಿದ್ದರೆ, ಹಿರಿಯ ಮಗನ ವಯಸ್ಸನ್ನು ಕೇಳಿದ ಕೂಡಲೇ ಲೆಕ್ಕ ತಪ್ಪಿದ್ದು ಗೊತ್ತಾಗುತ್ತದೆ. ಇಂಥಲ್ಲಿ ದಾಖಲೆಯ ಆಧಾರದಿಂದ ತಿದ್ದಿಸಿಕೊಳ್ಳುವುದು ನ್ಯಾಯ. ಕಾರ್ಡಿಗಾಗಿ ವಯಸ್ಸನ್ನು ಏರಿಸುವುದು ನ್ಯಾಯವಲ್ಲ, ಕ್ಷೇಮವೂ ಅಲ್ಲ. 70 ತುಂಬಿದ ಪಿಂಚಣಿದಾರರಿಗೆ ರಾಜ್ಯ ಸರಕಾರ ಕೊಡುವ ಹೆಚ್ಚುವರಿ ಪಿಂಚಣಿಯೂ ಪಿಪಿಒದ ಜನ್ಮದಿನಾಂಕವನ್ನೇ ಅವಲಂಬಿಸಿದೆ. ಆಧಾರ್ ಒಂದು ಹೇಳಿ ಪಿಪಿಒ ಇನ್ನೊಂದು ಹೇಳಿದರೆ ಎರಡು ಕಡೆಯೂ ಪ್ರಶ್ನೆ ಏಳುತ್ತದೆ.

ಗಡಿಯಾಚೆಯ ಆಸ್ಪತ್ರೆ

ಇಎಚ್‌ಎಸ್ ಮತ್ತು ಆರೋಗ್ಯಶ್ರೀ ತೆಲಂಗಾಣ ರಾಜ್ಯದ ಯೋಜನೆಗಳು. ಕಾರ್ಡು ನಡೆಯುವುದು ಆ ಯೋಜನೆಯಲ್ಲಿ ನೋಂದಾಯಿಸಿಕೊಂಡ ಆಸ್ಪತ್ರೆಗಳಲ್ಲಿ ಮಾತ್ರ. ಆಸ್ಪತ್ರೆ ದೊಡ್ಡದಿದೆ, ವೈದ್ಯರು ಹೆಸರಾಂತವರು, ಮುಂದೆ ಯಾವುದೋ ಸರಕಾರಿ ಯೋಜನೆಯ ಫಲಕವೂ ಇದೆ ಎಂದ ಮಾತ್ರಕ್ಕೆ ಕಾರ್ಡು ನಡೆಯುತ್ತದೆ ಎಂದಲ್ಲ. ಬೀದರಿನ ಅಥವಾ ಕಲಬುರಗಿಯ ಆಸ್ಪತ್ರೆಯ ಮುಂದಿನ ಫಲಕ ಕರ್ನಾಟಕದ ಯೋಜನೆಯದಾಗಿರಬಹುದು. ಹೈದರಾಬಾದಿನಲ್ಲಿ ಕೂಡ ಒಂದೇ ಆಸ್ಪತ್ರೆ ಹೃದಯ ಚಿಕಿತ್ಸೆಗೆ ನೋಂದಾಯಿಸಿಕೊಂಡು ಮೂಳೆ ಚಿಕಿತ್ಸೆಗೆ ನೋಂದಾಯಿಸಿಕೊಳ್ಳದೆ ಇರಬಹುದು. ಆದ್ದರಿಂದ ಕೇಳಬೇಕಾದ ಪ್ರಶ್ನೆ ಹೀಗಿರಬೇಕು: "ಈ ಕಾಯಿಲೆಗೆ, ಈ ಕಾರ್ಡಿನ ಮೇಲೆ, ಈ ಆಸ್ಪತ್ರೆಯಲ್ಲಿ ದಾಖಲು ಮಾಡಿಕೊಳ್ಳುತ್ತೀರಾ?" ಈ ಮೂರೂ ಭಾಗ ಸೇರಿದ ಪ್ರಶ್ನೆಯನ್ನು ತೆಲುಗಿನಲ್ಲಿ ಒಂದು ಚೀಟಿಯ ಮೇಲೆ ಬರೆದು ಕೊಟ್ಟರೆ, ತೆಲುಗು ಬಾರದ ಮುದುಕರು ಅದನ್ನೇ ಆಸ್ಪತ್ರೆಯ ಆರೋಗ್ಯಮಿತ್ರರಿಗೆ ತೋರಿಸಬಹುದು. ಆರೋಗ್ಯಶ್ರೀ ಮತ್ತು ಇಎಚ್‌ಎಸ್ ಎರಡರ ವಿಚಾರಣೆಗೂ 104 ಸಂಖ್ಯೆಗೆ ಫೋನು ಮಾಡಬಹುದು.

ಆಯುಷ್ಮಾನ್ ಕಾರ್ಡಿನ ಸ್ವಭಾವ ಬೇರೆ. ಅದು ದೇಶದ ಯಾವ ರಾಜ್ಯದಲ್ಲಿಯಾದರೂ ಆ ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ನಡೆಯುತ್ತದೆ. ನ್ಯಾಲಕಲ್ ಮಂಡಲದ ಹಳ್ಳಿಯಲ್ಲಿದ್ದು ಬೀದರಿಗೆ ಹೋಗುವವರಿಗೆ, ಮಗ ಬೆಂಗಳೂರಿನಲ್ಲಿರುವುದರಿಂದ ಆರು ತಿಂಗಳು ಅಲ್ಲಿಯೇ ಉಳಿಯುವವರಿಗೆ ಇದು ಸಣ್ಣ ಸೌಲಭ್ಯವಲ್ಲ. 70 ದಾಟಿದವರು ಯಾವ ಕಾರ್ಡನ್ನು ಆರಿಸಿಕೊಳ್ಳಬೇಕು ಎಂದು ಕೇಳಿದಾಗ ಮೊತ್ತವನ್ನಷ್ಟೇ ಹೋಲಿಸಿ ಉತ್ತರ ಕೊಡಬಾರದು. ವರ್ಷದ ಹೆಚ್ಚು ಕಾಲ ಎಲ್ಲಿರುತ್ತಾರೆ, ರಾತ್ರಿ ಹೊತ್ತು ಕಾಯಿಲೆಯಾದರೆ ಯಾವ ಊರಿಗೆ ಒಯ್ಯುತ್ತಾರೆ, ಜೊತೆಗಿರುವವರು ಯಾರು ಎಂಬುದನ್ನು ಕೇಳಬೇಕು. ಇದರ ವಿಚಾರಣೆಗೆ 14555 ಸಂಖ್ಯೆಯಿದೆ. ನೋಂದಣಿಗೆ ಆಧಾರ್ ಮತ್ತು ಅದಕ್ಕೆ ಜೋಡಿಸಿದ ಮೊಬೈಲು ಇದ್ದರೆ ಸಾಕು, ಆಯುಷ್ಮಾನ್ ಆ್ಯಪ್‌ನಲ್ಲಿ ಮನೆಯಲ್ಲಿಯೇ ಮಾಡಬಹುದು. ಕಾರ್ಡು ಮಾಡಿಸಿಕೊಡುತ್ತೇವೆಂದು ಹಣ ಕೇಳುವವರಿಂದ, ಒಟಿಪಿ ಕೇಳುವವರಿಂದ ದೂರವಿರುವಂತೆ ಎಚ್ಚರಿಸಬೇಕು. ಶಿಕ್ಷಕರು ಕೂಡ ನಿವೃತ್ತರ ಆಧಾರ್ ಪ್ರತಿಗಳನ್ನು ಶಾಲೆಯಲ್ಲಿ ಇಟ್ಟುಕೊಳ್ಳಬಾರದು. ನೋಡಿ ಹಿಂದಿರುಗಿಸಬೇಕು.

ಯಾವ ಕಾರ್ಡೂ ಎಲ್ಲವನ್ನೂ ಭರಿಸುವುದಿಲ್ಲ. ಆಯುಷ್ಮಾನ್ ಯೋಜನೆ ಆಸ್ಪತ್ರೆಯಲ್ಲಿ ದಾಖಲಾದ ಚಿಕಿತ್ಸೆಗೆ ಮೀಸಲು. ದಾಖಲಾಗುವ ಹಿಂದಿನ 3 ದಿನಗಳ ಮತ್ತು ಬಿಡುಗಡೆಯ ನಂತರದ 15 ದಿನಗಳ ವೆಚ್ಚ ಅದರಲ್ಲಿ ಸೇರುತ್ತದೆ. ಪ್ರತಿ ತಿಂಗಳ ಮಾತ್ರೆ, ಕನ್ನಡಕ, ಹೊರರೋಗಿಯಾಗಿ ತೋರಿಸಿಕೊಂಡ ಫೀಸು ಸೇರುವುದಿಲ್ಲ. ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ದೊರೆಯುತ್ತವೆ. ಕಾರ್ಡಿನ ಗಡಿಬಿಡಿಯಲ್ಲಿ ಈ ಸುಲಭದ ದಾರಿಯನ್ನು ಮರೆಯಬಾರದು.

ಹಣ ಕಟ್ಟಿ ಬಂದವರು

ಕಾರ್ಡು ನಡೆಯದೆ ಹಣ ಕಟ್ಟಿದ ರಾಜ್ಯ ಪಿಂಚಣಿದಾರರಿಗೆ ವೆಚ್ಚ ಮರುಪಾವತಿಯ ಹಳೆಯ ವ್ಯವಸ್ಥೆ ಇದೆ. 1972ರ ಸಮಗ್ರ ವೈದ್ಯಕೀಯ ಉಪಚಾರ ನಿಯಮಗಳು ಇದಕ್ಕೆ ಆಧಾರ. ಆಸ್ಪತ್ರೆ ಸರಕಾರದ ಮಾನ್ಯತೆ ಪಡೆದಿರಬೇಕು, ಅರ್ಜಿ ಬಿಡುಗಡೆಯಾದ ದಿನದಿಂದ 6 ತಿಂಗಳೊಳಗೆ ಸಲ್ಲಬೇಕು. ಬಿಲ್ಲಿನ ಪೂರ್ತಿ ಮೊತ್ತ ಬರುತ್ತದೆಂದು ಭರವಸೆ ಕೊಡಬಾರದು, ಮಂಜೂರಾಗುವುದು ಸರಕಾರ ಒಪ್ಪಿದ ದರದಂತೆ. ಮಾನ್ಯತೆಯ ಆದೇಶದ ಪ್ರತಿ, ಬಿಡುಗಡೆಯ ಸಾರಾಂಶ, ವೈದ್ಯರ ಸಹಿಯುಳ್ಳ ಅವಶ್ಯಕತಾ ಪ್ರಮಾಣಪತ್ರ, ನೇರವಾಗಿ ದಾಖಲಾಗಿದ್ದರೆ ತುರ್ತು ಪ್ರಮಾಣಪತ್ರ ಮತ್ತು ಮೂಲ ಬಿಲ್ಲುಗಳು, ಇವನ್ನು ಆಸ್ಪತ್ರೆಯಿಂದ ಹೊರಡುವ ದಿನವೇ ಕೇಳಿ ಪಡೆಯಬೇಕು. ನಂತರ ಅದೊಂದು ಸಹಿಗಾಗಿ ನಾರಾಯಣಖೇಡದಿಂದ ಹೈದರಾಬಾದಿಗೆ ಹೋಗಿ ಬರುವ ಬಸ್ಸಿನ ದಾರಿಯೂ ಖರ್ಚೂ ಮುಪ್ಪಿನಲ್ಲಿ ಸಣ್ಣದಲ್ಲ. ಬಿಲ್ಲುಗಳು ಬಿಸಿಗೆ ಅಚ್ಚಾಗುವ ತೆಳು ಕಾಗದದಲ್ಲಿದ್ದರೆ ಕೆಲವೇ ತಿಂಗಳಲ್ಲಿ ಅಕ್ಷರ ಮಾಸುತ್ತವೆ. ಅಂದೇ ಜೆರಾಕ್ಸ್ ಮಾಡಿಸಿ ಎರಡನ್ನೂ ಜೊತೆಗಿಡಬೇಕು.

ಪಿಂಚಣಿದಾರರು ತೀರಿಕೊಂಡಾಗ

ಹೆಚ್ಚಿನ ತೊಂದರೆಯಾಗುವುದು ಇಲ್ಲಿ. ಕಾರ್ಡು ಗಂಡನ ಹೆಸರಿನಲ್ಲಿತ್ತು, ಹೆಂಡತಿ ಅದರಲ್ಲಿ ಅವಲಂಬಿತೆಯಾಗಿದ್ದಳು. ಗಂಡನ ಮರಣದ ನಂತರ ಆಕೆ ಕುಟುಂಬ ಪಿಂಚಣಿದಾರಳಾಗಿ ತನ್ನದೇ ಹೆಸರಿನಲ್ಲಿ ನೋಂದಾಯಿಸಿಕೊಳ್ಳಬೇಕು. ದುಃಖದ ದಿನಗಳಲ್ಲಿ ಮನೆಯವರು ಮರಣ ಪ್ರಮಾಣಪತ್ರ, ಬ್ಯಾಂಕು, ಪಿಂಚಣಿ ವರ್ಗಾವಣೆ ಇಷ್ಟನ್ನು ಮಾಡಿ ಸುಮ್ಮನಾಗುತ್ತಾರೆ. ಕಾರ್ಡಿನ ನೆನಪಾಗುವುದು ವರ್ಷದ ಮೇಲೆ, ಆಕೆಯೇ ಆಸ್ಪತ್ರೆಯ ಕೌಂಟರಿನ ಮುಂದೆ ನಿಂತಾಗ. ಮೇಲೆ ಹೇಳಿದ ನಾಗಮ್ಮ, ನಾಗಾಬಾಯಿ, ನಾಗಮಣಿಯ ತೊಡಕು ಬಯಲಾಗುವುದೂ ಆಗಲೇ. ಸಹೋದ್ಯೋಗಿಯ ಮನೆಗೆ ಮಾತನಾಡಿಸಲು ಹೋದ ಶಿಕ್ಷಕರು ಕುಟುಂಬ ಪಿಂಚಣಿಯ ಕಾಗದದ ಜೊತೆಗೆ ಇದನ್ನೂ ನೆನಪಿಸಬೇಕು. ಅದು ಅನುಚಿತ ಮಾತಾಗುವುದಿಲ್ಲ.

ಪಿಂಚಣಿದಾರರು ವರ್ಷಕ್ಕೊಮ್ಮೆ ತಾವು ಜೀವಂತವಿರುವುದನ್ನು ದೃಢಪಡಿಸಲು ಖಜಾನೆಗೆ ಪ್ರಮಾಣಪತ್ರ ಕೊಡುತ್ತಾರೆ. ಆ ವೇಳೆಗೆ ಹೇಗಿದ್ದರೂ ಎಲ್ಲ ಕಾಗದಗಳನ್ನು ಹೊರತೆಗೆದಿರುತ್ತಾರೆ. ಗಂಡ ಹೆಂಡತಿ ಇಬ್ಬರನ್ನೂ ಒಟ್ಟಿಗೆ ಬರಹೇಳಿ, ಕಾರ್ಡಿನಲ್ಲಿ ಆಕೆಯ ಹೆಸರನ್ನು ಹೇಗೆ ಬರೆದಿದ್ದಾರೆಂದು ಅಂದೇ ಓದಿ ಹೇಳಬಹುದು. ಕಾರ್ಡನ್ನು ಮನೆಯಲ್ಲಿ ಎಲ್ಲಿಡುತ್ತಾರೆ ಎಂಬುದು ಗಂಡನಿಗಷ್ಟೇ ಗೊತ್ತಿದ್ದರೆ, ಆಕೆಗೂ ತೋರಿಸುವಂತೆ ಹೇಳಬೇಕು.